ಕೌಂಟಿ ಫೇರ್‌ನಲ್ಲಿ ನಿಮ್ಮ ಮಗುವಿನ ಕೈಕೆಲಸ, ಚಿತ್ರ, ತರಕಾರಿ ಇಡುವುದು ಹೇಗೆ?

ಅಮೆರಿಕದಲ್ಲಿರುವ ಕನ್ನಡದ ಮನೆಗಳವರು ಬೇಸಿಗೆಯಲ್ಲಿ ಒಂದು ಸಂಜೆಯಾದರೂ ಜಿಲ್ಲೆಯ ಜಾತ್ರೆಯಂಥ ಕೌಂಟಿ ಫೇರ್‌ಗೆ ಹೋಗಿ ಬರುತ್ತಾರೆ. ಜೈಂಟ್ ವೀಲ್ ಹತ್ತಿ, ಫನಲ್ ಕೇಕ್ ತಿಂದು, ಹಸು ಕುರಿ ನೋಡಿಕೊಂಡು ವಾಪಸ್. ಅದೇ ಮೈದಾನದಲ್ಲಿ ಬಹಳ ಜನ ಬೇಗ ಬೇಗ ದಾಟಿ ಹೋಗುವ ಒಂದು ಉದ್ದನೆಯ ಕಟ್ಟಡ ಇರುತ್ತದೆ. ಒಳಗೆ ಪೇಪರ್ ಪ್ಲೇಟಿನ ಮೇಲೆ ಐದು ಟೊಮೆಟೊ, ಬಾಟಲಿಯಲ್ಲಿ ಮೂರು ಚೆಂಡುಹೂವು, ಗೋಡೆ ತುಂಬ ಮಕ್ಕಳ ಚಿತ್ರ. ಪ್ರತಿಯೊಂದಕ್ಕೂ ಒಂದು ಚೀಟಿ. ಪಕ್ಕದಲ್ಲಿ ನೀಲಿ, ಕೆಂಪು, ಬಿಳಿ ರಿಬ್ಬನ್.

ಅಲ್ಲಿ ನಿಮ್ಮ ಮಗುವಿನದೂ ಇರಬಹುದು. ರೈತರ ಮಕ್ಕಳೇ ಆಗಬೇಕಿಲ್ಲ. ಎಕರೆಗಟ್ಟಲೆ ಜಮೀನು ಬೇಕಿಲ್ಲ. ಅಪಾರ್ಟ್‌ಮೆಂಟಿನ ಬಾಲ್ಕನಿಯ ಕುಂಡದಲ್ಲಿ ಬೆಳೆದ ಪುದೀನಕ್ಕೂ ಅಲ್ಲಿ ಜಾಗ ಇದೆ. ನಮ್ಮವರು ಹಿಂಜರಿಯುವುದು ಹೇಗೆ ಅಂತ ಗೊತ್ತಿಲ್ಲದೆ ಅಷ್ಟೇ. ಅದಕ್ಕೇ ಈ ಲೇಖನ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಉಳಿದಿದ್ದೆಲ್ಲ ಇದರ ಮೇಲೇ ನಿಂತಿದೆ. ಇಲ್ಲಿ ಗೆಲ್ಲುವುದು ದೊಡ್ಡ ಕೆಲಸ ಅಲ್ಲ, ಅಚ್ಚುಕಟ್ಟಾದ ಕೆಲಸ. ತೀರ್ಪುಗಾರರ ಪಕ್ಕ ಬರೆದುಕೊಳ್ಳುವ ಕೆಲಸಕ್ಕೆ ಸ್ವಯಂಸೇವಕರಾಗಿ ಒಂದು ದಿನ ಕೂತು ನೋಡಿ, ನಿಮಗೇ ಗೊತ್ತಾಗುತ್ತದೆ. ಅರ್ಧಂಬರ್ಧ ಮುಗಿದ ಭಾರಿ ಮಾಡೆಲ್‌ಗಿಂತ, ಅಂಚು ಸರಿಯಾಗಿ ಮಡಿಚಿ ಹೊಲಿದ ಸಣ್ಣ ಕೈಚೀಲಕ್ಕೆ ಬೆಲೆ ಜಾಸ್ತಿ. ಚಿಕ್ಕದನ್ನು ಆರಿಸಿ, ಪೂರ್ತಿ ಮುಗಿಸಿ, ಮಗುವೇ ಮಾಡಲಿ.

ಯಾವ ಬಾಗಿಲಿಂದ ಒಳಗೆ ಹೋಗಬೇಕು?

ಬಾಗಿಲು ಎರಡು. ಒಂದು 4-ಎಚ್, ಇನ್ನೊಂದು ಓಪನ್ ಕ್ಲಾಸ್.

4-ಎಚ್ ಅಂದರೆ ಮಕ್ಕಳ ಕ್ಲಬ್‌ಗಳ ದೊಡ್ಡ ಜಾಲ. ಹಸಿರು ನಾಲ್ಕೆಲೆ ಕ್ಲೋವರ್ ಅದರ ಗುರುತು. ಹೆಡ್, ಹಾರ್ಟ್, ಹ್ಯಾಂಡ್ಸ್, ಹೆಲ್ತ್ - ಆ ನಾಲ್ಕು ಎಚ್. 1902ರಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿ ಮಕ್ಕಳನ್ನು ಸೇರಿಸಿ ಶುರು ಮಾಡಿದ ಗುಂಪನ್ನು ಇದರ ಹುಟ್ಟು ಎನ್ನುತ್ತಾರೆ. 1910ರಲ್ಲಿ ದಕ್ಷಿಣ ಕೆರೊಲಿನಾದ ಐಕೆನ್ ಕೌಂಟಿಯಲ್ಲಿ ಮರೀ ಕ್ರೋಮರ್ ಎಂಬ ಶಿಕ್ಷಕಿ ಹುಡುಗಿಯರಿಗಾಗಿ ಟೊಮೆಟೊ ಕ್ಲಬ್ ಕಟ್ಟಿದರು. ಒಬ್ಬೊಬ್ಬ ಹುಡುಗಿ ಎಕರೆಯ ಹತ್ತನೇ ಒಂದು ಭಾಗದಲ್ಲಿ ಟೊಮೆಟೊ ಬೆಳೆಯಬೇಕಿತ್ತು. 1914ರ ಸ್ಮಿತ್-ಲೀವರ್ ಕಾಯ್ದೆ ಬಂದ ಮೇಲೆ ರಾಜ್ಯದ ಕೃಷಿ ವಿಶ್ವವಿದ್ಯಾಲಯಗಳ ಎಕ್ಸ್‌ಟೆನ್ಷನ್ ಕಚೇರಿಗಳು (ಜನರಿಗೆ ತಿಳಿವಳಿಕೆ ತಲುಪಿಸುವ ವಿಸ್ತರಣಾ ವಿಭಾಗ) ಇದನ್ನು ನಡೆಸಿಕೊಂಡು ಬರುತ್ತಿವೆ. ನ್ಯೂಜೆರ್ಸಿಯಲ್ಲಿ ರಟ್ಗರ್ಸ್, ಟೆಕ್ಸಸ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ, ಕ್ಯಾಲಿಫೋರ್ನಿಯಾದಲ್ಲಿ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ. ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ ಕಚೇರಿಗೆ ಒಂದು ಫೋನ್ ಮಾಡಿದರೆ ಹತ್ತಿರದ ಕ್ಲಬ್ ಯಾವುದು ಅಂತ ಹೇಳುತ್ತಾರೆ.

ಸಾಮಾನ್ಯವಾಗಿ 8ರಿಂದ 18 ವರ್ಷದವರು 4-ಎಚ್ ಸದಸ್ಯರು. 5ರಿಂದ 7 ವರ್ಷದ ಚಿಕ್ಕವರನ್ನು ಕ್ಲೋವರ್‌ಬಡ್ ಎನ್ನುತ್ತಾರೆ, ಅವರಿಗೆ ಸ್ಪರ್ಧೆ ಇರುವುದಿಲ್ಲ, ಭಾಗವಹಿಸಿದ್ದಕ್ಕೇ ರಿಬ್ಬನ್. ವಯಸ್ಸು ಲೆಕ್ಕ ಹಾಕುವ ತಾರೀಖು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಒಂದು ಎಚ್ಚರಿಕೆ: ಆಗಸ್ಟ್ ಫೇರ್‌ಗೆ ಜುಲೈನಲ್ಲಿ ಕ್ಲಬ್ ಸೇರುತ್ತೇನೆ ಅಂದರೆ ಬಹಳ ಕಡೆ ಆಗುವುದಿಲ್ಲ. ಎಷ್ಟೋ ತಿಂಗಳು ಮುಂಚೆ ಹೆಸರು ನೋಂದಾಯಿಸಿರಬೇಕು.

ಓಪನ್ ಕ್ಲಾಸಿಗೆ ಈ ತೊಂದರೆ ಇಲ್ಲ. ಕ್ಲಬ್ ಬೇಡ, ಸದಸ್ಯತ್ವ ಬೇಡ. ವಯಸ್ಸಿನ ಪ್ರಕಾರ ಮಕ್ಕಳ ವಿಭಾಗ ಬೇರೆ ಇರುತ್ತದೆ. ಮೊದಲ ವರ್ಷ ಓಪನ್ ಕ್ಲಾಸ್‌ನಲ್ಲಿ ಒಂದೆರಡು ಸಾಮಾನು ಇಟ್ಟು ನೋಡಿ. ಮಗುವಿಗೆ ಇಷ್ಟವಾದರೆ ಮುಂದಿನ ಸಲ 4-ಎಚ್ ಸೇರಿಸಿ. ಕ್ಲಬ್‌ನಲ್ಲಿ ವರ್ಷವಿಡೀ ಕಲಿಕೆ ಇರುತ್ತದೆ, ಜೊತೆಗೆ ಹೊಸ ಊರಿನಲ್ಲಿ ಮಗುವಿಗೆ ನಾಲ್ಕು ಜನ ಗೆಳೆಯರು ಸಿಗುತ್ತಾರೆ. ನನಗೆ ಅದು ರಿಬ್ಬನ್‌ಗಿಂತ ದೊಡ್ಡ ಲಾಭ ಅನ್ನಿಸುತ್ತದೆ.

ಫೇರ್ ಪುಸ್ತಕವನ್ನು ಪೆನ್ಸಿಲ್ ಹಿಡಿದು ಓದಿ

ಪ್ರತಿ ಫೇರ್‌ಗೂ ಒಂದು ನಿಯಮದ ಪುಸ್ತಕ ಇರುತ್ತದೆ. ಪ್ರೀಮಿಯಂ ಬುಕ್, ಫೇರ್ ಬುಕ್, ಎಕ್ಸಿಬಿಟರ್ ಹ್ಯಾಂಡ್‌ಬುಕ್ - ಒಂದೊಂದು ಕಡೆ ಒಂದೊಂದು ಹೆಸರು. ಫೇರ್‌ನ ವೆಬ್‌ಸೈಟಿನಲ್ಲಿ ಪಿಡಿಎಫ್ ಸಿಗುತ್ತದೆ. ಈ ವರ್ಷದ್ದು ಇನ್ನೂ ಬಂದಿಲ್ಲ ಅಂದರೆ ಹೋದ ವರ್ಷದ್ದು ಓದಿಟ್ಟುಕೊಳ್ಳಿ, ಬಂದ ಮೇಲೆ ಬದಲಾವಣೆ ಏನಾಗಿದೆ ನೋಡಿದರಾಯಿತು.

ಪುಸ್ತಕದಲ್ಲಿ ಮೊದಲು ಡಿಪಾರ್ಟ್‌ಮೆಂಟ್, ಅದರೊಳಗೆ ಡಿವಿಷನ್, ಅದರೊಳಗೆ ಕ್ಲಾಸ್. ಉದಾಹರಣೆಗೆ ತೋಟಗಾರಿಕೆ, ಅದರಲ್ಲಿ ತರಕಾರಿ, ಅದರಲ್ಲಿ 'ಬೀನ್ಸ್, ಹಸಿರು, 12 ಕಾಯಿ'. ಆ 12 ಅನ್ನುವ ಅಂಕಿಯನ್ನು ಗಟ್ಟಿಯಾಗಿ ನೆನಪಿಡಿ. 11 ಇಟ್ಟರೆ ಅಥವಾ 13 ಇಟ್ಟರೆ, ಎಂಥ ಚೆಂದದ ಬೀನ್ಸ್ ಆದರೂ ರಿಬ್ಬನ್ ದರ್ಜೆ ಇಳಿಯುತ್ತದೆ, ಕೆಲವು ಕಡೆ ತಗೊಳ್ಳುವುದೇ ಇಲ್ಲ. ಈ ಲೇಖನದಲ್ಲಿ ನಾನು ಹೇಳುವ ಅಳತೆ, ಸಂಖ್ಯೆ ಎಲ್ಲ ಸಾಮಾನ್ಯವಾಗಿ ಕಾಣುವಂಥವು. ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಅದೇ ಕೊನೆಯ ಮಾತು.

ಓದುವಾಗ ಇಷ್ಟಕ್ಕೆ ಗೆರೆ ಹಾಕಿ: ಎಂಟ್ರಿ ಕೊಡುವ ಕೊನೆಯ ದಿನ, ಸಾಮಾನು ತಂದುಕೊಡುವ ದಿನ ಮತ್ತು ಗಂಟೆ, ವಾಪಸ್ ತಗೊಳ್ಳುವ ದಿನ, ಒಬ್ಬರು ಎಷ್ಟು ಇಡಬಹುದು, ಅಳತೆಯ ಮಿತಿ. ಎಂಟ್ರಿ ಕೊಡುವ ದಿನ ಫೇರ್ ಶುರುವಾಗುವುದಕ್ಕಿಂತ ವಾರಗಟ್ಟಲೆ ಮುಂಚೆಯೇ ಮುಗಿಯುತ್ತದೆ. ಈಗ ಬಹಳ ಕಡೆ ಫೇರ್‌ಎಂಟ್ರಿ, ಶೋವರ್ಕ್ಸ್ ಥರದ ಆನ್‌ಲೈನ್ ವ್ಯವಸ್ಥೆಯಲ್ಲೇ ಹೆಸರು ಕೊಡಬೇಕು. ಸಂದೇಹ ಇರುವ ಕ್ಲಾಸಿಗೂ ಎಂಟ್ರಿ ಹಾಕಿಡಿ. ತರಕಾರಿ ಆ ದಿನಕ್ಕೆ ಬರದಿದ್ದರೆ ತರದೇ ಇರಬಹುದು, ಆದರೆ ಹೆಸರೇ ಕೊಡದಿದ್ದರೆ ಎಷ್ಟು ಚೆನ್ನಾಗಿ ಬಂದರೂ ಪ್ರಯೋಜನ ಇಲ್ಲ.

ಕೈಕೆಲಸ ಮತ್ತು ಚಿತ್ರ

ಮಗು ಈಗಾಗಲೇ ಇಷ್ಟಪಟ್ಟು ಮಾಡುವುದನ್ನೇ ಆರಿಸಿ. ಫೇರ್‌ಗೋಸ್ಕರ ಹೊಸ ಕಲೆ ಕಲಿಸಲು ಹೋದರೆ ಜುಲೈ ಹೊತ್ತಿಗೆ ಮನೆಯಲ್ಲಿ ಜಗಳ ಖಂಡಿತ. ಕೆಲಸ ಆ ವರ್ಷದ್ದೇ ಆಗಿರಬೇಕು ಅನ್ನುವ ನಿಯಮ ಹೆಚ್ಚು ಕಡಿಮೆ ಎಲ್ಲ ಕಡೆ ಇದೆ. ಎರಡು ವರ್ಷದ ಹಿಂದೆ ಬರೆದ ಚೆಂದದ ಚಿತ್ರ ಗೋಡೆ ಮೇಲೆಯೇ ಇರಲಿ.

ಚಿತ್ರದಲ್ಲಿ ಮಕ್ಕಳು ಅಂಕ ಕಳೆದುಕೊಳ್ಳುವುದು ಬಣ್ಣದಲ್ಲಲ್ಲ, ಹಿಂಬದಿಯಲ್ಲಿ. 'ನೇತುಹಾಕಲು ತಯಾರಾಗಿರಬೇಕು' ಎಂದು ಪುಸ್ತಕದಲ್ಲಿ ಬರೆದಿದ್ದರೆ ಚೌಕಟ್ಟಿನ ಹಿಂದೆ ಗಟ್ಟಿಯಾದ ತಂತಿ ಅಥವಾ ಹಲ್ಲಿರುವ ಲೋಹದ ಪಟ್ಟಿ ಇರಲೇಬೇಕು. ದಾರ, ಸೆಲ್ಲೋ ಟೇಪ್ ನಡೆಯುವುದಿಲ್ಲ. ಕ್ಯಾನ್ವಾಸ್‌ಗೆ ಚೌಕಟ್ಟು ಹಾಕದಿದ್ದರೆ ನಾಲ್ಕು ಪಕ್ಕದ ಅಂಚಿಗೂ ಬಣ್ಣ ಹಚ್ಚಿರಬೇಕು. ಚಾಕ್ ಪೇಸ್ಟಲ್, ಇದ್ದಿಲಿನ ಚಿತ್ರ ಆದರೆ ಪುಡಿ ಉದುರದಂತೆ ಹಿಡಿಯುವ ಫಿಕ್ಸೆಟಿವ್ ಸ್ಪ್ರೇ ಹೊಡೆದು ಗಾಜು ಹಾಕಿಸಿ, ಇಲ್ಲದಿದ್ದರೆ ಸಾಗಿಸುವಾಗಲೇ ಉಜ್ಜಿಹೋಗುತ್ತದೆ. ಸ್ಪ್ರೇ ಹೊಡೆಯುವುದು ಮಾತ್ರ ದೊಡ್ಡವರೇ, ಮನೆಯ ಹೊರಗೆ.

ಪೋಕೆಮಾನ್, ಎಲ್ಸಾ ಚಿತ್ರ ನೋಡಿ ಬರೆದರೆ ಅದು ಕಾಪಿರೈಟ್ ಇರುವ ಪಾತ್ರ. ಎಷ್ಟೋ ಫೇರ್‌ಗಳಲ್ಲಿ ಬೇಡ ಎನ್ನುತ್ತಾರೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ಫೋಟೊ ನೋಡಿ ಬರೆಯುವುದಕ್ಕಿಂತ ಮಗುವೇ ತೆಗೆದ ಫೋಟೊ ನೋಡಿ ಬರೆಯಲಿ, ಆ ಫೋಟೊವನ್ನೂ ಚೀಟಿಯ ಜೊತೆ ಅಂಟಿಸಲಿ. ಡೈಮಂಡ್ ಪೇಂಟಿಂಗ್, ಅಂಕಿ ನೋಡಿ ಬಣ್ಣ ತುಂಬುವ ಕಿಟ್, ಅಂಗಡಿಯ ಲೆಗೊ ಸೆಟ್ - ಇವಕ್ಕೆ ಬೇರೆ ಕ್ಲಾಸ್ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಲೆಗೊದಲ್ಲಿ ಸ್ವಂತ ಕಲ್ಪನೆಯದಕ್ಕೆ ಸಾಮಾನ್ಯವಾಗಿ ಬೇರೆಯೇ ಕ್ಲಾಸ್ ಇರುತ್ತದೆ, ಅಡಿಯ ಹಲಗೆಯ ಅಳತೆ ನೋಡಿಕೊಳ್ಳಿ.

ನಮ್ಮ ಕಡೆಯ ಕಲೆಗಳನ್ನೂ ಧೈರ್ಯವಾಗಿ ಇಡಿ. ರಂಗೋಲಿ ಪುಡಿ ಅಲ್ಲಿ ನಿಲ್ಲುವುದಿಲ್ಲ, ಫ್ಯಾನ್ ಗಾಳಿಗೆ ಹಾರುತ್ತದೆ. ಅದರ ಬದಲು ಕಪ್ಪು ಹಲಗೆಯ ಮೇಲೆ ಚುಕ್ಕಿ ರಂಗೋಲಿಯನ್ನು ಬಿಳಿ ಅಕ್ರಿಲಿಕ್ ಬಣ್ಣದಲ್ಲಿ ಬರೆಸಿ. ಚುಕ್ಕಿಗಳ ನಡುವಿನ ಅಂತರ ಒಂದೇ ಸಮ, ಗೆರೆ ಒಂದೇ ದಪ್ಪ - ತೀರ್ಪುಗಾರರು ನೋಡುವ ಸಮತೋಲ, ಲಯ ಎರಡೂ ಅದರಲ್ಲೇ ಇದೆ. ಮಣ್ಣಿನ ಗಣಪತಿ ಮಾಡುವ ಮಗುವಾದರೆ ಗಾಳಿಗೆ ಒಣಗುವ ಜೇಡಿ ತನ್ನಿ. ದಪ್ಪ ಹೊಟ್ಟೆಯನ್ನು ಒಳಗಿಂದ ತೋಡಿ ಟೊಳ್ಳು ಮಾಡಿ. ಸೊಂಡಿಲು, ಕೈ ಸೇರುವ ಜಾಗವನ್ನು ಗೀರಿ, ನೀರು ಕಲಸಿದ ಜೇಡಿ ಹಚ್ಚಿ ಕೂಡಿಸಿ. ಪ್ಲಾಸ್ಟಿಕ್ ಹೊದಿಸಿ ನಿಧಾನವಾಗಿ ಒಣಗಲು ಬಿಡಿ. ಬಿಸಿಲಿಗಿಟ್ಟರೆ ಬಿರುಕು ಬಿಡುವುದು ಆ ಕೂಡಿಸಿದ ಜಾಗದಲ್ಲೇ.

ಆದರೆ ನನ್ನ ಮನಸ್ಸಿಗೆ ತೀರ ಹತ್ತಿರದ್ದು ಕಸೂತಿ. ಧಾರವಾಡ ಸೀಮೆಯ ಈ ಹೊಲಿಗೆ ಫೇರ್‌ನ ಹ್ಯಾಂಡ್ ಎಂಬ್ರಾಯಿಡರಿ ಕ್ಲಾಸಿಗೆ ಹೇಳಿ ಮಾಡಿಸಿದಂತಿದೆ. ಕಾರಣ ಹೇಳುತ್ತೇನೆ. ಕಸೂತಿ ಕೈಗೆತ್ತಿಕೊಂಡ ತೀರ್ಪುಗಾರರು ಮೊದಲು ಮಾಡುವ ಕೆಲಸವೇ ಬಟ್ಟೆ ತಿರುವಿ ಹಿಂಬದಿ ನೋಡುವುದು. ಗಂಟು ಎಷ್ಟಿದೆ, ದಾರ ಎಲ್ಲಿಂದ ಎಲ್ಲಿಗೆ ಜಿಗಿದಿದೆ, ಕೊನೆಯನ್ನು ಹೇಗೆ ಮುಗಿಸಿದ್ದಾರೆ. ಕಸೂತಿಯ ಗವಂತಿ ಮತ್ತು ಅಂಕುಡೊಂಕಾಗಿ ಸಾಗುವ ಮುರ್ಗಿ ಹೊಲಿಗೆಯಲ್ಲಿ ಮುಂದೆ ಹಿಂದೆ ಎರಡೂ ಒಂದೇ ಥರ ಕಾಣಬೇಕು, ಗಂಟು ಇರಲೇಬಾರದು. ಅಜ್ಜಿಯರು ಹೇಳಿಕೊಟ್ಟ ಶಿಸ್ತು ಇಲ್ಲಿ ನೇರವಾಗಿ ಅಂಕವಾಗುತ್ತದೆ.

ಮಗುವಿಗೆ ಹೇಳಿಕೊಡುವುದು ಹೀಗೆ. 14 ಕೌಂಟ್ (ಇಂಚಿಗೆ 14 ಮನೆ) ಐಡಾ ಬಟ್ಟೆ ತನ್ನಿ, ತೂತುಗಳು ದೊಡ್ಡದಾಗಿ ಕಾಣುತ್ತವೆ. ನಕ್ಷೆಯನ್ನು ಗ್ರಾಫ್ ಕಾಗದದ ಮೇಲೆ ಮೊದಲು ಬರೆಯಲಿ. ಗಂಟು ಹಾಕದೆ ಒಂದಷ್ಟು ದಾರ ಹಿಂದೆ ಬಿಟ್ಟು ಶುರು ಮಾಡಲಿ. ಹೋಗುವಾಗ ಒಂದು ಮನೆ ಹೊಲಿದು ಒಂದು ಮನೆ ಬಿಡುತ್ತಾ ಹೋಗಬೇಕು. ಬರುವಾಗ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತಾ ಬಂದರೆ ಗೆರೆ ಪೂರ್ತಿಯಾಗುತ್ತದೆ, ಅದೇ ಗವಂತಿ. ಮೊದಲು ಬಿಟ್ಟ ದಾರವನ್ನು ಕೊನೆಗೆ ಹೊಲಿಗೆಯ ಅಡಿಯಲ್ಲೇ ತೂರಿಸಿ ಕತ್ತರಿಸಬೇಕು. ತೇರು, ಗೋಪುರ ಬೇಡ, ಮೊದಲ ಸಲಕ್ಕೆ ಒಂದು ತುಳಸಿಕಟ್ಟೆ ಅಥವಾ ಒಂದು ನವಿಲು ಸಾಕು. ಮುಗಿದ ಮೇಲೆ ತಣ್ಣೀರಲ್ಲಿ ಒಗೆದು, ಟವೆಲ್ ಮೇಲೆ ಬೋರಲು ಹಾಕಿ ಇಸ್ತ್ರಿ ಮಾಡಿ. ಚೌಕಟ್ಟಿಗೆ ಹಾಕಿ ಹಿಂದೆ ಕಾಗದ ಅಂಟಿಸಿಬಿಟ್ಟರೆ ಹಿಂಬದಿ ಯಾರಿಗೂ ಕಾಣುವುದಿಲ್ಲ. ನಿಯಮ ಒಪ್ಪಿದರೆ ಚೌಕಟ್ಟು ಹಾಕದೆ ಅಂಚು ಮಡಿಚಿ ಹೊಲಿದು ಹಾಗೇ ಬಿಡಿ. ಚೌಕಟ್ಟು ಬೇಕೇ ಬೇಕು ಅಂದರೆ ಹಿಂಬದಿಯ ಒಂದು ಫೋಟೊ ಅಂಟಿಸಿ. ಕೆಲವು ಕೌಂಟಿಗಳಲ್ಲಿ ಹೆರಿಟೇಜ್ ಆರ್ಟ್ ಅನ್ನುವ ಕ್ಲಾಸ್ ಇರುತ್ತದೆ, ಅದನ್ನೂ ಹುಡುಕಿ.

ಹೊಲಿಗೆ, ಮರಗೆಲಸ, ಮಣಿ ಸರ ಎಲ್ಲಕ್ಕೂ ಒಂದೇ ಪರೀಕ್ಷೆ: ನೇತಾಡುವ ದಾರ, ಒಣಗಿದ ಅಂಟಿನ ಕಲೆ, ಪೆನ್ಸಿಲ್ ಗುರುತು, ಕೈಗೆ ಚುಚ್ಚುವ ಅಂಚು ಇರಬಾರದು. ಮರವನ್ನು ಎಳೆಯ ದಿಕ್ಕಿನಲ್ಲೇ ಮರಳು ಕಾಗದದಿಂದ ಉಜ್ಜಬೇಕು.

ಅಪ್ಪ ಅಮ್ಮ ಎಷ್ಟು ಕೈ ಹಾಕಬಹುದು?

ಕರೆಂಟಿನ ಗರಗಸ ಹಿಡಿಯಿರಿ. ಬಿಸಿ ಅಂಟಿನ ಗನ್ ಹಿಡಿಯುವಾಗ ಪಕ್ಕದಲ್ಲಿ ನಿಲ್ಲಿ. ಸಾಮಾನು ತಂದುಕೊಡಿ, ನಿಯಮ ಓದಿ ಹೇಳಿ. ಅಲ್ಲಿಗೆ ನಿಲ್ಲಿಸಿ. ಎಂಟು ವರ್ಷದ ಮಗುವಿನ ಹೆಸರಿನಡಿ ಇಂಜಿನಿಯರ್ ಅಪ್ಪನ ನೇರ ಗೆರೆಗಳು ಬಂದರೆ ಮೇಜಿನ ಆ ಕಡೆ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯ, ಮಗುವಿಗೆ ಗೊತ್ತಿರುತ್ತದೆ. ಆ ರಿಬ್ಬನ್ ಅದಕ್ಕೆ ತನ್ನದು ಅನ್ನಿಸುವುದಿಲ್ಲ. ದೊಡ್ಡವರು ಮಾಡಿಕೊಟ್ಟದ್ದು ಏನಾದರೂ ಇದ್ದರೆ ಚೀಟಿಯಲ್ಲಿ ಬರೆಯಿರಿ: 'ಹಲಗೆ ಕತ್ತರಿಸಿದ್ದು ಅಪ್ಪ, ಉಳಿದಿದ್ದೆಲ್ಲ ನಾನು.' ಇದಕ್ಕೆ ಯಾರೂ ಅಂಕ ಕಳೆಯುವುದಿಲ್ಲ.

ತೋಟ: ಫೇರ್ ದಿನದಿಂದ ಹಿಂದಕ್ಕೆ ಎಣಿಸಿ

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿ ಅಲಮೀಡ ಕೌಂಟಿ ಫೇರ್ ಜೂನ್-ಜುಲೈಗೆ ಬರುತ್ತದೆ. ನ್ಯೂಜೆರ್ಸಿಯ ಸಾಮರ್ಸೆಟ್ ಕೌಂಟಿ 4-ಎಚ್ ಫೇರ್ ಆಗಸ್ಟ್‌ನಲ್ಲಿ, ಮೇರಿಲ್ಯಾಂಡಿನ ಗೇದರ್ಸ್‌ಬರ್ಗ್‌ನ ಮಾಂಟ್ಗೊಮರಿ ಕೌಂಟಿ ಫೇರ್ ಕೂಡ ಆಗಸ್ಟ್‌ನಲ್ಲೇ. ವಾಷಿಂಗ್ಟನ್ ರಾಜ್ಯದ ಪ್ಯುಆಲಪ್‌ನಲ್ಲಿ ಸ್ಟೇಟ್ ಫೇರ್ ಸೆಪ್ಟೆಂಬರ್‌ಗೆ. ಹಾಗಾಗಿ ಎಲ್ಲರಿಗೂ ಒಂದೇ ಬಿತ್ತನೆ ತಾರೀಖು ಹೇಳುವುದಕ್ಕಾಗುವುದಿಲ್ಲ. ಬೀಜದ ಪೊಟ್ಟಣದ ಹಿಂದೆ ಎಷ್ಟು ದಿನಕ್ಕೆ ಕೊಯ್ಲು ಅಂತ ಬರೆದಿರುತ್ತದೆ. ಬೀನ್ಸ್‌ಗೆ 50ರಿಂದ 60 ದಿನ, ಜುಕಿನಿಗೆ 50ರ ಆಸುಪಾಸು, ಟೊಮೆಟೊಗೆ ಸಸಿ ನೆಟ್ಟ ಮೇಲೆ 60ರಿಂದ 85 ದಿನ, ಜಿನಿಯಾ ಹೂವಿಗೆ 60-70 ದಿನ. ಫೇರ್ ಆಗಸ್ಟ್ 10ಕ್ಕೆ ಅಂದರೆ ಬೀನ್ಸ್ ಬೀಜ ಜೂನ್ 10ರ ಸುಮಾರಿಗೆ ನೆಲಕ್ಕೆ ಬೀಳಬೇಕು. ಒಂದೇ ಸಲ ಬಿತ್ತಬೇಡಿ. ಜೂನ್ 5, 12, 19 ಹೀಗೆ ವಾರ ಬಿಟ್ಟು ವಾರ ಮೂರು ಸಾಲು ಹಾಕಿ. ಒಂದಲ್ಲ ಒಂದು ಸಾಲು ಸರಿಯಾದ ದಿನಕ್ಕೆ ಸಿಗುತ್ತದೆ.

ತರಕಾರಿ ತಟ್ಟೆಯಲ್ಲಿ ನೋಡುವುದು ಮುಖ್ಯವಾಗಿ ಒಂದೇ: ಎಲ್ಲವೂ ಒಂದೇ ಥರ ಇವೆಯೇ? ಗಾತ್ರ, ಆಕಾರ, ಬಣ್ಣ, ಬಲಿತ ಹದ. ನಾಲ್ಕು ದೊಡ್ಡ ಟೊಮೆಟೊ ಜೊತೆ ಒಂದು ಸಣ್ಣದು ಇಟ್ಟರೆ ಆ ಸಣ್ಣದೇ ಕಣ್ಣಿಗೆ ಹೊಡೆಯುತ್ತದೆ. ಐದೂ ಮಧ್ಯಮ ಗಾತ್ರದ್ದಾದರೆ ಅದೇ ಚೆಂದ. ಐದು ಬೇಕಾದರೆ ಹದಿನೈದು ಕಿತ್ತು ಮೇಜಿನ ಮೇಲೆ ಸಾಲಾಗಿ ಇಡಿ, ಮಗುವೇ ಜೋಡಿ ಹುಡುಕಲಿ. ಮಕ್ಕಳಿಗೆ ಈ ಆಟ ಬಹಳ ಇಷ್ಟ.

ಟೊಮೆಟೊ ಪೂರ್ತಿ ಕೆಂಪಾಗಿರಬೇಕು, ಒತ್ತಿದರೆ ಗಟ್ಟಿಯಾಗಿರಬೇಕು. ಭುಜದ ಹತ್ತಿರ ಹಸಿರು, ಬಿರುಕು ಇದ್ದರೆ ಬಿಡಿ. ದೊಡ್ಡ ಟೊಮೆಟೊ ಆದರೆ ತೊಟ್ಟು ತೆಗೆಯಿರಿ, ಇಲ್ಲದಿದ್ದರೆ ಪಕ್ಕದ ಹಣ್ಣಿಗೆ ಚುಚ್ಚುತ್ತದೆ. ತೊಟ್ಟಿನ ಭಾಗ ಕೆಳಗೆ ಮಾಡಿ ಇಡಿ. ತಳದಲ್ಲಿ ಕಪ್ಪಗೆ ಕೊಳೆತ ಕಲೆ ಬರುತ್ತಿದ್ದರೆ ಅದು ಗಿಡಕ್ಕೆ ಸುಣ್ಣದಂಶ ಸರಿಯಾಗಿ ಏರದೆ ಆಗುವುದು, ಬಹಳ ಸಲ ನೀರು ಒಂದು ದಿನ ಜಾಸ್ತಿ ಒಂದು ದಿನ ಇಲ್ಲ ಅನ್ನುವಂತೆ ಹಾಕಿದ್ದರ ಫಲ. ಜೂನ್‌ನಿಂದಲೇ ನೀರು ಒಂದೇ ಹದದಲ್ಲಿ ಹಾಕಿ, ಬುಡಕ್ಕೆ ಒಣ ಹುಲ್ಲು ಹೊದಿಸಿ.

ಬದನೆ, ಮೆಣಸಿನಕಾಯಿಗೆ ತೊಟ್ಟು ಇರಬೇಕು, ಕತ್ತರಿಯಿಂದ ನೀಟಾಗಿ ಕತ್ತರಿಸಿ. ಬೀನ್ಸ್‌ಗೂ ತೊಟ್ಟು ಬೇಕು. ಸೌತೆಕಾಯಿಗೆ ಚಿಟಿಕೆಯಷ್ಟು ತೊಟ್ಟು ಬಿಡಿ, ಹಳದಿ ತಿರುಗಿದ್ದನ್ನು ತರಬೇಡಿ. ಆಲೂಗಡ್ಡೆ ತೊಳೆಯಬೇಡಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಮಣ್ಣು ಉದುರಿಸಿ. ಈರುಳ್ಳಿಯ ಸಿಪ್ಪೆ ಬಿಳಿ ಕಾಣುವಷ್ಟು ಸುಲಿಯಬೇಡಿ. ಎರಡು ಮೂರು ವಾರ ಗಾಳಿಗೆ ಒಣಗಿಸಿ, ಒರಟು ಮೇಲ್ಸಿಪ್ಪೆ ಮಾತ್ರ ತೆಗೆಯಿರಿ. ಎಣ್ಣೆ ಹಚ್ಚಿ ಮಿಂಚಿಸುವುದು ಎಲ್ಲಕ್ಕೂ ನಿಷಿದ್ಧ.

ಜುಕಿನಿ ತೋಳಿನಷ್ಟು ದಪ್ಪ ಬೆಳೆಯಿತು ಅಂತ ಮಕ್ಕಳು ಕುಣಿಯುತ್ತಾರೆ. ಅದಕ್ಕೆ 'ಅತಿ ದೊಡ್ಡ ತರಕಾರಿ' ಅನ್ನುವ ಬೇರೆ ಕ್ಲಾಸ್ ಇರುತ್ತದೆ, ಅಲ್ಲಿಗೆ ಕಳಿಸಿ. ತಟ್ಟೆಗೆ 6ರಿಂದ 8 ಇಂಚಿನ ಎಳೆಯದು.

ಬೆಂಡೆಕಾಯಿ ನಮ್ಮ ಮಕ್ಕಳಿಗೆ ಒಳ್ಳೆಯ ಆಯ್ಕೆ, ಗಿಡವೂ ಚೆಂದ, ಹೂವೂ ಚೆಂದ. 3-4 ಇಂಚಿನ ಎಳೆಯ ಕಾಯಿ, ತೊಟ್ಟು ಸಮೇತ. ಸಂತೆಯಲ್ಲಿ ತುದಿ ಮುರಿದು ನೋಡುವ ನಮ್ಮ ಅಭ್ಯಾಸ ಇಲ್ಲಿ ಬೇಡ! ಬೆಂಡೆ ರಾತ್ರಿ ಬೆಳಗಾಗುವುದರೊಳಗೆ ಬಲಿಯುತ್ತದೆ, ಹಾಗಾಗಿ ಒಪ್ಪಿಸುವ ದಿನ ಬೆಳಿಗ್ಗೆಯೇ ಕೊಯ್ಯಿರಿ.

ಹೀರೆಕಾಯಿ, ಹಾಗಲಕಾಯಿ, ಸೋರೆಕಾಯಿ, ದಂಟಿನ ಸೊಪ್ಪು ಪುಸ್ತಕದ ಪಟ್ಟಿಯಲ್ಲಿ ಇಲ್ಲ ಅಂತ ಬಿಡಬೇಡಿ. 'ಪಟ್ಟಿಯಲ್ಲಿಲ್ಲದ ಬೇರೆ ತರಕಾರಿ' ಎಂಬ ಕ್ಲಾಸ್ ಬಹಳ ಕಡೆ ಇದೆ. ಆದರೆ ತೀರ್ಪುಗಾರರು ಹಾಗಲಕಾಯಿಯನ್ನು ಮನೆಯಲ್ಲಿ ಬೇಯಿಸಿರಲಿಕ್ಕಿಲ್ಲ. ಅವರಿಗೆ ಅಳೆಯುವುದಕ್ಕೆ ಒಂದು ಆಧಾರ ಬೇಕು. ಚೀಟಿಯಲ್ಲಿ ಕನ್ನಡದ ಹೆಸರು, ಬಿಟರ್ ಮೆಲನ್ ಅನ್ನುವ ಅಲ್ಲಿನ ಹೆಸರು, ಮೊಮಾರ್ಡಿಕಾ ಚರಾಂಷಿಯಾ ಅನ್ನುವ ಸಸ್ಯಶಾಸ್ತ್ರದ ಹೆಸರು ಬರೆಯಿರಿ. 'ಹಸಿರಾಗಿ, ಮುಳ್ಳು ಎದ್ದು ಕಾಣುವಾಗ, ಹಳದಿ ತಿರುಗುವ ಮುಂಚೆ ತಿನ್ನುತ್ತೇವೆ' ಎಂಬ ಒಂದು ಸಾಲು ಸೇರಿಸಿ. ಯಾವ ಹದದಲ್ಲಿ ತಿನ್ನುತ್ತಾರೋ ಆ ಹದದಲ್ಲೇ ಇರಬೇಕು, ತರಕಾರಿಯ ತೀರ್ಪಿನ ಮೂಲ ಅದೇ.

ಸೊಪ್ಪಿನ ಕ್ಲಾಸಿಗೆ ಕೊತ್ತಂಬರಿ ನಂಬಬೇಡಿ, ಬೇಸಿಗೆಯ ಬಿಸಿಗೆ ಬೇಗ ಹೂ ಬಿಡುತ್ತದೆ. ಪುದೀನ, ಬೇಸಿಲ್ ಕೈಕೊಡುವುದಿಲ್ಲ.

ಹೂವಿನಲ್ಲಿ ಚೆಂಡುಹೂವು, ಜಿನಿಯಾ ಮಕ್ಕಳಿಗೆ ಸುಲಭ. ದಾಸವಾಳ ಬೇಡ, ಒಂದು ದಿನಕ್ಕೇ ಮುದುಡುತ್ತದೆ. ಹಿಂದಿನ ಸಂಜೆ ಅಥವಾ ಮುಂಜಾನೆ ತಂಪಿನಲ್ಲಿ, ಬೇಕಾದ್ದಕ್ಕಿಂತ ಉದ್ದನೆಯ ಕಾಂಡ ಬಿಟ್ಟು ಚೂಪಾದ ಕತ್ತರಿಯಿಂದ ಕತ್ತರಿಸಿ ತಕ್ಷಣ ನೀರಿಗಿಡಿ. ನೀರಿನೊಳಗೆ ಮುಳುಗುವ ಎಲೆಗಳನ್ನೆಲ್ಲ ಕಿತ್ತುಹಾಕಿ, ಮೇಲೆ ಒಂದೆರಡು ಎಲೆ ಇರಲಿ. ರಾತ್ರಿಯಿಡೀ ತಂಪಾದ ಕತ್ತಲೆ ಕೋಣೆಯಲ್ಲಿ ಇಟ್ಟರೆ ಹೂವು ನೀರು ಕುಡಿದು ಗಟ್ಟಿಯಾಗುತ್ತದೆ. ಮೂರು ಕೇಳಿದ್ದರೆ ಮೂರೂ ಒಂದೇ ಬಣ್ಣ, ಒಂದೇ ಗಾತ್ರ, ಒಂದೇ ಅರಳು. ಎಸಳಿನ ನಡುವೆ ಹುಳ ಕೂತಿದೆಯಾ ನೋಡಿ. ಕುಂಡದ ಗಿಡ ಆದರೆ ಇಷ್ಟು ದಿನದಿಂದ ಮಗುವೇ ಸಾಕಿರಬೇಕು ಅನ್ನುವ ನಿಯಮ ಇರುತ್ತದೆ, 60 ಅಥವಾ 90 ದಿನ ಕೆಲವು ಕಡೆ. ಹಿಂದಿನ ವಾರ ಅಂಗಡಿಯಿಂದ ತಂದ ಗಿಡ ನಡೆಯುವುದಿಲ್ಲ.

ಚೀಟಿ, ಮತ್ತು ತೀರ್ಪುಗಾರರ ಜೊತೆ ಮಾತು

4-ಎಚ್‌ನಲ್ಲಿ ಹಲವು ಕಡೆ ಪ್ರತಿ ವಸ್ತುವಿನ ಜೊತೆ ಒಂದು ಕಾರ್ಡ್ ಬೇಕು. ನನ್ನ ಗುರಿ ಏನಿತ್ತು, ಏನೇನು ಮಾಡಿದೆ, ಏನು ಕಲಿತೆ. ಇದನ್ನು ಮಗುವೇ ತನ್ನ ಮಾತಿನಲ್ಲಿ ಬರೆಯಲಿ. 'ಕಲೆಯ ಮೂಲಕ ನನ್ನ ಸಂಸ್ಕೃತಿಯನ್ನು ಅರಿಯುವುದು' ಅಂತ ದೊಡ್ಡವರ ಭಾಷೆ ಬೇಡ. 'ಗಂಟು ಹಾಕದೆ ಹೊಲಿಯುವುದು ಕಲಿಯಬೇಕಿತ್ತು' - ಇದು ಗುರಿ. ತರಕಾರಿಗೆ ತಳಿಯ ಹೆಸರು ಬೇಕು, ಹಾಗಾಗಿ ಬೀಜದ ಪೊಟ್ಟಣ ಎಸೆಯಬೇಡಿ.

ಕೆಲವು ಕೌಂಟಿಗಳಲ್ಲಿ ಮಗು ತೀರ್ಪುಗಾರರ ಎದುರು ಕೂತು ಮಾತಾಡಬೇಕು. ಐದು ಹತ್ತು ನಿಮಿಷ ಅಷ್ಟೇ. ಹೇಗೆ ಮಾಡಿದೆ, ಕಷ್ಟ ಯಾವುದಾಯಿತು, ಮುಂದಿನ ಸಲ ಏನು ಬದಲಾಯಿಸುತ್ತೀಯ, ಇಂಥವೇ ಪ್ರಶ್ನೆಗಳು. ಬಾಯಿಪಾಠ ಮಾಡಿಸಬೇಡಿ, ನಾಲ್ಕನೇ ಸಾಲು ಮರೆತರೆ ಮಗು ಅಲ್ಲೇ ನಿಂತುಬಿಡುತ್ತದೆ. ಊರಿನಲ್ಲಿರುವ ಅಥವಾ ಊರಿನಿಂದ ಬಂದ ಅಜ್ಜಿ ತಾತನಿಗೆ ವಿಡಿಯೊ ಕಾಲ್‌ನಲ್ಲೋ ಎದುರಿಗೋ ಒಂದೆರಡು ಸಲ ಹೇಳಲಿ, ಅಷ್ಟು ಅಭ್ಯಾಸ ಸಾಕು. ಆ ದಿನ ನೀವು ದೂರ ಕೂರಿ. ಮಗು ತಡವರಿಸಿದರೂ ಬಾಯಿ ಹಾಕಬೇಡಿ. ಒಂದು ಹುಡುಗಿ ತನ್ನ ಮಡಕೆಯ ಬಿರುಕು ತೋರಿಸಿ 'ಇಲ್ಲಿ ನಾನು ಅವಸರ ಮಾಡಿದೆ' ಅಂದಾಗ ಎದುರಿಗೆ ಕೂತ ಹಿರಿಯರ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಿರುಕು ಹೇಗೆ ಬರುತ್ತದೆ ಅಂತ ಅವಳಿಗೆ ಕೂತು ವಿವರಿಸಿದರು.

ರಿಬ್ಬನ್ ಅರ್ಥ ಮಾಡಿಕೊಳ್ಳಿ

4-ಎಚ್‌ನಲ್ಲಿ ಹೆಚ್ಚಾಗಿ ಡೇನಿಶ್ ಪದ್ಧತಿ. ಪ್ರತಿ ವಸ್ತುವನ್ನು ಒಂದು ಮಟ್ಟಕ್ಕೆ ಹೋಲಿಸಿ ನೋಡುತ್ತಾರೆ, ಪಕ್ಕದ ಮಗುವಿನದಕ್ಕೆ ಹೋಲಿಸಿ ಅಲ್ಲ. ನೀಲಿ ಅಂದರೆ ಉತ್ತಮ, ಕೆಂಪು ಅಂದರೆ ಚೆನ್ನಾಗಿದೆ, ಬಿಳಿ ಅಂದರೆ ಇನ್ನೂ ತಿದ್ದಬೇಕು. ಒಂದೇ ಕ್ಲಾಸಿನಲ್ಲಿ ಹತ್ತು ನೀಲಿ ಇರಬಹುದು, ಒಂದೂ ಇಲ್ಲದೆಯೂ ಇರಬಹುದು. ನೀಲಿಗಳಲ್ಲೇ ಮೇಲಿನದಕ್ಕೆ ಚಾಂಪಿಯನ್, ಸಾಮಾನ್ಯವಾಗಿ ನೇರಳೆ ರಿಬ್ಬನ್. ಓಪನ್ ಕ್ಲಾಸ್‌ನಲ್ಲಿ ಮಾತ್ರ ಹೆಚ್ಚಾಗಿ ಮೊದಲು, ಎರಡು, ಮೂರು ಅನ್ನುವ ಲೆಕ್ಕ. ಹಾಗಾಗಿ 'ಫಸ್ಟ್ ಬಂತಾ?' ಅಂತ ಕೇಳುವ ಬದಲು ತೀರ್ಪುಗಾರರು ಬರೆದ ಎರಡು ಸಾಲು ಮಗುವಿನ ಜೊತೆ ಕೂತು ಓದಿ. ಅದರಲ್ಲಿರುವುದು ಮುಂದಿನ ವರ್ಷಕ್ಕೆ ಬೇಕಾದ ಪಾಠ.

ಒಪ್ಪಿಸುವ ದಿನ, ವಾಪಸ್ ತರುವ ದಿನ

ಹಿಂದಿನ ರಾತ್ರಿಯೇ ಎಲ್ಲದರ ಫೋಟೊ ತೆಗೆದಿಡಿ. ಟೊಮೆಟೊಗಳನ್ನು ಮಫಿನ್ ತಟ್ಟೆಯ ಗುಳಿಗಳಲ್ಲಿ ಬಟ್ಟೆ ಹಾಸಿ ಒಂದೊಂದಾಗಿ ಕೂರಿಸಿ. ಹೂವಿನ ಬಾಟಲಿಗಳನ್ನು ಸೋಡಾ ಕ್ರೇಟ್‌ನಲ್ಲಿ ನಿಲ್ಲಿಸಿ. ಕಾರಿನ ಎಸಿ ಹಾಕಿ, ಡಿಕ್ಕಿಯಲ್ಲಿ ಇಡಬೇಡಿ. ಒಂದು ಡಬ್ಬದಲ್ಲಿ ಕತ್ತರಿ, ಮೆತ್ತನೆ ಬಟ್ಟೆ, ಪೆನ್ನು, ನೀರು, ಮತ್ತೆ ಎಲ್ಲ ತರಕಾರಿಯದೂ ಹೂವಿನದೂ ಒಂದೆರಡು ಹೆಚ್ಚುವರಿ. ದಾರಿಯಲ್ಲಿ ಒಂದು ಹಣ್ಣು ಜಜ್ಜಿಹೋದರೆ ಅಲ್ಲೇ ಬದಲಾಯಿಸಬಹುದು. ಗಂಟೆ ಮೀರಿ ಹೋದರೆ ತಗೊಳ್ಳುವುದಿಲ್ಲ, ಯಾರು ಕೇಳಿಕೊಂಡರೂ.

ಅಜ್ಜಿಯ ಇಳಕಲ್ ಸೀರೆ, ಬೆಳ್ಳಿ ಕುಂಕುಮ ಭರಣಿಯಂಥ ಮನೆಯ ಬೆಲೆಬಾಳುವ ವಸ್ತುಗಳನ್ನು ಅಲಂಕಾರಕ್ಕೆ ಅಂತ ಜೊತೆಗಿಡಬೇಡಿ. ಕಳೆದುಹೋದರೆ, ಒಡೆದರೆ ಫೇರ್‌ನವರ ಜವಾಬ್ದಾರಿ ಅಲ್ಲ ಅಂತ ಪುಸ್ತಕದಲ್ಲೇ ಬರೆದಿರುತ್ತಾರೆ.

ಎಂಟ್ರಿ ಚೀಟಿಯ ಒಂದು ತುಂಡು ಹರಿದು ನಿಮ್ಮ ಕೈಗೆ ಕೊಡುತ್ತಾರೆ. ಅದನ್ನು ಪರ್ಸ್‌ನಲ್ಲಿ ಹಾಕಿಡಿ, ಅದಿಲ್ಲದೆ ಸಾಮಾನು ವಾಪಸ್ ಸಿಗುವುದು ಕಷ್ಟ. ಫೇರ್ ಮುಗಿಯುವ ಮುಂಚೆ ಯಾವುದನ್ನೂ ತೆಗೆಯಲು ಬಿಡುವುದಿಲ್ಲ, ಮುಗಿದ ಮೇಲೆ ಹೇಳಿದ ಗಂಟೆಯೊಳಗೆ ತಗೊಂಡು ಹೋಗಬೇಕು. ಬಾಡಿದ ತರಕಾರಿ, ಹೂವನ್ನು ಅವರೇ ಮಧ್ಯದಲ್ಲಿ ತೆಗೆದುಹಾಕುತ್ತಾರೆ, ತಟ್ಟೆ ಖಾಲಿ ಕಂಡರೆ ಮಗು ಬೇಜಾರು ಮಾಡಿಕೊಳ್ಳದಂತೆ ಮೊದಲೇ ಹೇಳಿಡಿ. ಸ್ಟೇಟ್ ಫೇರ್‌ಗೆ ಆಯ್ಕೆಯಾದ ವಸ್ತುವನ್ನು ಕೆಲವು ಕೌಂಟಿಗಳಲ್ಲಿ ಅಲ್ಲೇ ಇಟ್ಟುಕೊಂಡು ಮುಂದೆ ಕಳಿಸುತ್ತಾರೆ. ರಿಬ್ಬನ್ ಜೊತೆ ಪ್ರೀಮಿಯಂ ಎಂಬ ಕೆಲವೇ ಡಾಲರ್‌ಗಳ ಬಹುಮಾನ ಇದ್ದರೆ ಅದು ಮಗುವಿನ ಹೆಸರಿಗೆ ಚೆಕ್ ಆಗಿ ಬರಬಹುದು. ಅದಕ್ಕೊಂದು ಕೊನೆಯ ತಾರೀಖು ಇರುತ್ತದೆ. ಮಗುವನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಅದರ ಕೈಯಲ್ಲೇ ಜಮಾ ಮಾಡಿಸಿ.